ತಪ್ಪು ಕಲ್ಪನಾ ಅವರದಾಗಿರಲಿಲ್ಲ

ಲೋಣಾವಳಾದ ಮಳೆಗಾಲ ಕಂಡವರಿಗೆ ಗೊತ್ತು. ಜುಲೈ ಬಂತೆಂದರೆ ಇಲ್ಲಿ ಬಟ್ಟೆ ಒಣಗುವುದಿಲ್ಲ, ಡಬ್ಬಿಯಲ್ಲಿಟ್ಟ ಉಪ್ಪು ನೀರಾಗುತ್ತದೆ, ಮೋಡ ಕಿಟಕಿಯಿಂದ ನೇರವಾಗಿ ಅಡುಗೆಮನೆಗೇ ಬಂದು ಕೂರುತ್ತದೆ. ಮುಂಬೈ, ಪುಣೆಯಿಂದ ಬರುವ ಪ್ರವಾಸಿಗರು ಭುಶಿ ಅಣೆಕಟ್ಟಿನ ಮೆಟ್ಟಿಲುಗಳ ಮೇಲೆ ನೆನೆಯುತ್ತ ಖುಷಿಪಡುವಾಗ, ಇಲ್ಲೇ ನೆಲೆಸಿರುವ ನಾವು ಬಾಗಿಲು ಹಾಕಿಕೊಂಡು ಒಳಗಿರುತ್ತೇವೆ.

ಅಂಥದ್ದೇ ಒಂದು ಭಾನುವಾರ ನಾವು ಐದಾರು ಮಂದಿ ಕನ್ನಡದ ಹೆಂಗಸರು ನಮ್ಮ ಮನೆಯಲ್ಲಿ ಸೇರಿದ್ದೆವು. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ. ಜೊತೆಗೆ ಟಿವಿಯಲ್ಲಿ ಮನುಷ್ಯನ ಬಾಹ್ಯಾಕಾಶ ಯಾನದ ಇತಿಹಾಸ ಹೇಳುವ ಸಾಕ್ಷ್ಯಚಿತ್ರ ಸರಣಿ. ಮಗ ಹಾಕಿಕೊಟ್ಟು ಹೋಗಿದ್ದ. ಒಂದು ಕಂತು ನೋಡೋಣವೆಂದು ಕೂತವರು ಸಂಜೆಯವರೆಗೂ ಏಳಲಿಲ್ಲ. 1961ರ ಯೂರಿ ಗಗಾರಿನ್, 1963ರ ವ್ಯಾಲೆಂಟಿನಾ ತೆರೆಶ್ಕೋವಾ, 1969ರ ಚಂದ್ರ, ಆಮೇಲೆ ಶಟಲ್‌ಗಳು. ಕೊನೆಯ ಕಂತುಗಳಲ್ಲಿ ಕೊಲಂಬಿಯಾ ದುರಂತ ಬಂತು. ಕಲ್ಪನಾ ಚಾವ್ಲಾ ಅವರ ನಗುಮುಖ ಕೆಲವೇ ಕ್ಷಣ ಕಾಣಿಸಿತು. ನಂತರ ಆಕಾಶದಲ್ಲಿ ಉರಿಯುತ್ತ ಹೋಗುವ ಬಿಳಿ ಗೆರೆಗಳು.

ಆಗ ಗೆಳತಿಯೊಬ್ಬಳು ಮೆಲ್ಲಗೆ ಕೇಳಿದಳು, ಮೊದಲ ಸಲ ಹೋದಾಗ ಒಂದು ಉಪಗ್ರಹವನ್ನು ಹಾಳುಮಾಡಿದವಳು ಇವಳೇ ಅಲ್ಲವೇ ಎಂದು. ಯಾರೂ ಉತ್ತರಿಸಲಿಲ್ಲ. ನನಗೂ ಹಾಗೇ ಏನೋ ಓದಿದ ನೆನಪಿತ್ತು. ಆರೋಪ ನೆನಪಿತ್ತು, ತೀರ್ಪು ಏನಾಯಿತೆಂಬುದು ನೆನಪಿರಲಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಹೀಗಾಗುವುದು ಹೊಸದೇನಲ್ಲ. ಆ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನಾನು ತಿಳಿದುಕೊಂಡ ಬದುಕಿನ ಕಥೆಯನ್ನು ನಮ್ಮ ಮಹಿಳಾ ವೇದಿಕೆಯ ಗೆಳತಿಯರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕರ್ನಾಲ್‌ನ ಮಾಳಿಗೆ

ಹರಿಯಾಣದ ಕರ್ನಾಲ್ ದೆಹಲಿಯಿಂದ ಚಂಡೀಗಢಕ್ಕೆ ಹೋಗುವ ದಾರಿಯಲ್ಲಿರುವ ಊರು. ದೇಶ ವಿಭಜನೆಯಾದಾಗ ಪಶ್ಚಿಮ ಪಂಜಾಬಿನಿಂದ ಎಲ್ಲವನ್ನೂ ಬಿಟ್ಟು ಬಂದು ಇಲ್ಲಿ ಮೊದಲಿನಿಂದ ಬದುಕು ಕಟ್ಟಿಕೊಂಡ ಕುಟುಂಬಗಳಲ್ಲಿ ಬನಾರಸಿ ಲಾಲ್ ಚಾವ್ಲಾ ಅವರದೂ ಒಂದು. ಅವರ ನಾಲ್ಕು ಮಕ್ಕಳಲ್ಲಿ ಕಲ್ಪನಾ ಕೊನೆಯವಳು. ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಮೋಂಟು ಎಂದು. ಶಾಲೆಗೆ ಸೇರಿಸುವ ದಿನದವರೆಗೂ ಬೇರೆ ಹೆಸರು ಇಟ್ಟಿರಲೇ ಇಲ್ಲ. ಕಲ್ಪನಾ ಎಂಬ ಹೆಸರನ್ನು ಆರಿಸಿಕೊಂಡದ್ದು ಆ ಪುಟ್ಟ ಹುಡುಗಿಯೇ.

ದಾಖಲೆಗಳಲ್ಲಿ ಆಕೆಯ ಜನ್ಮದಿನ 1 ಜುಲೈ 1961. ನಿಜವಾದದ್ದು 17 ಮಾರ್ಚ್ 1962. ಶಾಲೆಯ ಲೆಕ್ಕಕ್ಕೆ ವಯಸ್ಸು ಸಾಲದೆ ಹೆಚ್ಚು ಮಾಡಿ ಬರೆಸಿದ್ದು. ನಮ್ಮಲ್ಲೂ ಎಷ್ಟೋ ಜನರ ಹುಟ್ಟುಹಬ್ಬವನ್ನು ಹೆಡ್‌ಮಾಸ್ಟರೇ ನಿರ್ಧರಿಸಿಲ್ಲವೇ! ಹೇಗೇ ಇರಲಿ, ದಾಖಲೆಯ ಪ್ರಕಾರ ನೋಡಿದರೆ ಗಗಾರಿನ್ ಭೂಮಿಯನ್ನು ಸುತ್ತಿದ ವರ್ಷವೇ ಕಲ್ಪನಾ ಹುಟ್ಟಿದ ವರ್ಷವೂ ಆಯಿತು.

ಟಾಗೋರ್ ಬಾಲ ನಿಕೇತನ ಶಾಲೆಯಲ್ಲಿ ಓದು. ಬೇಸಿಗೆಯ ರಾತ್ರಿ ಮನೆಯವರೆಲ್ಲ ಮಾಳಿಗೆಯ ಮೇಲೆ ಮಲಗುವಾಗ ನಕ್ಷತ್ರಗಳನ್ನು ನೋಡುತ್ತ ಮಲಗುವುದು. ಚಿತ್ರ ಬರೆಯೆಂದರೆ ಬೇರೆ ಮಕ್ಕಳು ಬೆಟ್ಟ, ನದಿ ಬರೆದರೆ ಈ ಹುಡುಗಿ ವಿಮಾನ ಬರೆಯುವುದು. ಕರ್ನಾಲ್‌ನಲ್ಲಿ ಒಂದು ಫ್ಲೈಯಿಂಗ್ ಕ್ಲಬ್ ಇತ್ತು. ಅಣ್ಣನೂ ತಂಗಿಯೂ ಸೈಕಲ್ ತುಳಿಯುತ್ತ ಮೇಲೆ ಹಾರುವ ಪುಟ್ಟ ವಿಮಾನಗಳನ್ನು ಹಿಂಬಾಲಿಸುತ್ತಿದ್ದರು. ಒಂದು ದಿನ ಅಪ್ಪನನ್ನು ಕಾಡಿ ಬೇಡಿ ಅದರಲ್ಲಿ ಕೂತೂ ಬಿಟ್ಟರು.

ಇಲ್ಲಿ ನಾವು ಕನ್ನಡಿಗರು ಸ್ವಲ್ಪ ಬೀಗಬಹುದು. ಕಲ್ಪನಾ ಬಾಲ್ಯದಲ್ಲಿ ಹತ್ತಿದ ಆ ವಿಮಾನದ ಹೆಸರು ಪುಷ್ಪಕ್. ಅದು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ತಯಾರಿಸಿದ್ದು. ಡಾ. ವಿ. ಎಂ. ಘಾಟಗೆ ಅವರ ತಂಡ ರೂಪಿಸಿದ, ಇಬ್ಬರು ಕೂರುವ ಈ ಪುಟ್ಟ ವಿಮಾನ 1958ರಲ್ಲಿ ಮೊದಲು ಹಾರಿತು. ಆಮೇಲೆ ದೇಶದ ಹಲವು ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋಯಿತು. ಬೆಂಗಳೂರಿನಲ್ಲಿ ಯಾರೋ ಕೆಲಸಗಾರರು ಜೋಡಿಸಿದ ರೆಕ್ಕೆಯ ಮೇಲೆ ಆ ಹುಡುಗಿ ನೆಲವನ್ನು ಬಿಟ್ಟು ಮೇಲೆ ಹೋದಳು.

ಜೆ. ಆರ್. ಡಿ. ಟಾಟಾ ಅವರೂ ಆಕೆಗೆ ಸ್ಫೂರ್ತಿ. 1932ರ ಅಕ್ಟೋಬರ್ 15ರಂದು ಟಾಟಾ ಕರಾಚಿಯಿಂದ ಮುಂಬೈಗೆ ಅಂಚೆಯ ಚೀಲಗಳನ್ನು ವಿಮಾನದಲ್ಲಿ ತಂದರು. ಅದೇ ಅಂಚೆ ಮುಂದೆ ನಮ್ಮ ಬಳ್ಳಾರಿಯ ಮೇಲೆ ಮದರಾಸಿಗೆ ಹೋಯಿತು. ಆ ಕಥೆ ಕೇಳಿ ಬೆಳೆದದ್ದನ್ನು ಕಲ್ಪನಾ ಗಗನಯಾತ್ರಿಯಾದ ಮೇಲೂ ನೆನೆಯುತ್ತಿದ್ದರು.

ಬೇಡವೆಂದವರ ನಡುವೆ

ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಏರೋನಾಟಿಕಲ್ ಬೇಕು ಎಂದಾಗ ಆಶ್ಚರ್ಯಪಟ್ಟವರೇ ಹೆಚ್ಚು. ಆ ಓದಿಗೆ ಊರಿನಲ್ಲಿ ಕೆಲಸವೆಲ್ಲಿದೆ, ಹುಡುಗಿಗೆ ಬೇರೆ ವಿಭಾಗ ಒಳ್ಳೆಯದಲ್ಲವೇ ಎಂಬ ಬುದ್ಧಿಮಾತುಗಳು ಬಂದವು. ಕಲ್ಪನಾ ಜಗಳವಾಡಲಿಲ್ಲ, ತಮ್ಮ ಆಯ್ಕೆಯನ್ನು ಬದಲಿಸಲೂ ಇಲ್ಲ. 1982ರಲ್ಲಿ ಪದವಿ ಮುಗಿಯಿತು.

ಅಮೆರಿಕಕ್ಕೆ ಹೋಗಿ ಮುಂದೆ ಓದಬೇಕೆಂದಾಗ ಮನೆಯ ಒಪ್ಪಿಗೆ ಸುಲಭವಾಗಿ ಬರಲಿಲ್ಲ. ಎಪ್ಪತ್ತು, ಎಂಬತ್ತರ ದಶಕದ ಮಧ್ಯಮವರ್ಗದ ಮನೆಯಲ್ಲಿ ಮದುವೆಯಾಗದ ಮಗಳನ್ನು ಒಬ್ಬಳೇ ಅಷ್ಟು ದೂರ ಕಳಿಸುವುದೆಂದರೆ ಏನೆಂದು ನಮಗೆ ಹೇಳಿಕೊಡಬೇಕಾಗಿಲ್ಲ. ತಾಯಿ ಮಗಳ ಪರ ನಿಂತರು. ಕೊನೆಗೆ ಅಣ್ಣ ಜೊತೆಯಲ್ಲಿ ಹೋಗಿ ಬಿಟ್ಟುಬಂದ. ಟೆಕ್ಸಸ್ ವಿಶ್ವವಿದ್ಯಾಲಯದ ಆರ್ಲಿಂಗ್ಟನ್ ಶಾಖೆಯಿಂದ 1984ರಲ್ಲಿ ಸ್ನಾತಕೋತ್ತರ ಪದವಿ, ಕೊಲರಾಡೊ ವಿಶ್ವವಿದ್ಯಾಲಯದಿಂದ 1988ರಲ್ಲಿ ಡಾಕ್ಟರೇಟ್. ಈ ನಡುವೆ 1983ರಲ್ಲಿ ವಿಮಾನ ಹಾರಿಸಲು ಕಲಿಸುತ್ತಿದ್ದ ಜೀನ್ ಪಿಯರ್ ಹ್ಯಾರಿಸನ್ ಅವರೊಂದಿಗೆ ಮದುವೆ.

1986ರ ಜನವರಿ 28ರಂದು ಚಾಲೆಂಜರ್ ಶಟಲ್ ಹಾರಿದ 73 ಸೆಕೆಂಡಿಗೆ ಛಿದ್ರವಾಗಿ ಏಳು ಜನ ಸತ್ತರು. ಕಲ್ಪನಾ ಆಗ ಸಂಶೋಧನಾ ವಿದ್ಯಾರ್ಥಿನಿ. ತಾನು ಹೋಗಬೇಕೆಂದಿರುವ ದಾರಿ ಯಾವುದಕ್ಕೆ ಕೊಂಡೊಯ್ಯಬಲ್ಲದು ಎಂಬುದನ್ನು ಆಕೆ ಅಂದೇ ಕಂಡಿದ್ದರು. ಆದರೂ ಹಿಂತಿರುಗಲಿಲ್ಲ.

1988ರಲ್ಲಿ ನಾಸಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ಕೆಲಸ. ಓಡುದಾರಿಯಿಲ್ಲದೆ ನೇರವಾಗಿ ಮೇಲೇಳುವ, ನೇರವಾಗಿ ಇಳಿಯುವ ವಿಮಾನಗಳ ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವುದು. ಎಂಜಿನ್ನಿನ ಬಿಸಿಗಾಳಿ ನೆಲಕ್ಕೆ ಬಡಿದು ಮತ್ತೆ ವಿಮಾನದತ್ತಲೇ ಬಂದಾಗ ಏನಾಗುತ್ತದೆ ಎಂಬುದು ಅದರ ಕಷ್ಟದ ಭಾಗ. 1993ರಲ್ಲಿ ಲಾಸ್ ಆಲ್ಟೋಸ್‌ನ ಓವರ್‌ಸೆಟ್ ಮೆಥಡ್ಸ್ ಸಂಸ್ಥೆಯ ಉಪಾಧ್ಯಕ್ಷೆಯಾದರು. ಈ ಮಧ್ಯೆ ಸಾಧಾರಣ ವಿಮಾನ, ಸಮುದ್ರ ವಿಮಾನ, ಗ್ಲೈಡರ್ ಹಾರಿಸುವ ಪರವಾನಗಿ, ಹಾರಾಟ ಕಲಿಸುವ ಪರವಾನಗಿ ಎಲ್ಲವನ್ನೂ ಪಡೆದಿದ್ದರು. ಅಮೆರಿಕದ ಪೌರತ್ವ ಬಂದಿತ್ತು. 1994ರ ಡಿಸೆಂಬರಿನಲ್ಲಿ ನಾಸಾ ಗಗನಯಾತ್ರಿಯಾಗಿ ಆರಿಸಿತು. 1995ರ ಮಾರ್ಚಿನಲ್ಲಿ ಹ್ಯೂಸ್ಟನ್‌ನ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲಿ ತರಬೇತಿ ಶುರುವಾಯಿತು.

ಕಲ್ಪನಾ ಕೊನೆಯ ಬಾರಿ ಭಾರತಕ್ಕೆ ಬಂದದ್ದು 1991–92ರ ಹೊಸವರ್ಷದ ರಜೆಯಲ್ಲಿ. ಪ್ರಸಿದ್ಧಿ ಬಂದದ್ದು ಅದರ ನಂತರ. ಹಾಗಾಗಿ ಕರ್ನಾಲ್ ತನ್ನ ಗಗನಯಾತ್ರಿಯನ್ನು ಮೆರವಣಿಗೆ ಮಾಡಿ ಬರಮಾಡಿಕೊಳ್ಳುವ ಭಾಗ್ಯ ಪಡೆಯಲೇ ಇಲ್ಲ.

ಸ್ಪಾರ್ಟನ್ ಪ್ರಕರಣ

1997ರ ನವೆಂಬರ್ 19ರಂದು ಕೊಲಂಬಿಯಾ ಶಟಲ್ ಆರು ಜನರನ್ನು ಹೊತ್ತು ಮೇಲೇರಿತು. ಭಾರತದಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳು ಬಾಹ್ಯಾಕಾಶಕ್ಕೆ ಹೋದದ್ದು ಅದೇ ಮೊದಲು. ಶಟಲ್‌ನ ಉದ್ದನೆಯ ಯಾಂತ್ರಿಕ ತೋಳನ್ನು ನಡೆಸುವ ಮುಖ್ಯ ಹೊಣೆ ಕಲ್ಪನಾ ಅವರದು. ಸ್ಪಾರ್ಟನ್ ಎಂಬ ಉಪಗ್ರಹವನ್ನು ಆ ತೋಳಿನಿಂದ ಹೊರಗೆ ಬಿಡಬೇಕು. ಅದು ಸೂರ್ಯನ ಹೊರಗಿನ ಪ್ರಭಾವಲಯವನ್ನು ಅಧ್ಯಯನ ಮಾಡಬೇಕು. ನಂತರ ಮತ್ತೆ ತೋಳಿನಿಂದಲೇ ಹಿಡಿದು ಒಳಗಿಡಬೇಕು.

ನವೆಂಬರ್ 21ರಂದು ಸ್ಪಾರ್ಟನ್ ಬಿಡುಗಡೆಯಾಯಿತು. ತಾನು ಸರಿಯಾಗಿದ್ದೇನೆ ಎಂದು ತೋರಿಸಲು ಅದು ಸ್ವಲ್ಪ ತಿರುಗಬೇಕಿತ್ತು. ತಿರುಗಲಿಲ್ಲ. ಕಲ್ಪನಾ ಮತ್ತೆ ತೋಳನ್ನು ಚಾಚಿ ಹಿಡಿಯಲು ಹೋದರು. ಹಿಡಿತ ಸಿಗಲಿಲ್ಲ. ತೋಳು ಹಿಂದೆ ಸರಿಯುವಾಗ ಉಪಗ್ರಹ ಮೆಲ್ಲಗೆ ಗಿರಗಿರನೆ ಸುತ್ತತೊಡಗಿತು. ಮೂರು ದಿನ ಕಳೆದ ಮೇಲೆ ವಿನ್‌ಸ್ಟನ್ ಸ್ಕಾಟ್ ಮತ್ತು ಜಪಾನಿನ ತಕಾವೊ ದೋಯಿ ಶಟಲ್‌ನಿಂದ ಹೊರಗೆ ಬಂದು, ಟನ್ನಿಗೂ ಹೆಚ್ಚು ತೂಕದ ಆ ಉಪಗ್ರಹವನ್ನು ಕೈಯಿಂದಲೇ ಹಿಡಿದು ಒಳಗೆ ತಂದರು. ಉಪಗ್ರಹ ಉಳಿಯಿತು. ಆದರೆ ಅದು ಮಾಡಬೇಕಿದ್ದ ಸೂರ್ಯನ ಅಧ್ಯಯನ ನಡೆಯಲಿಲ್ಲ.

ತೋಳಿನ ಹಿಡಿಕೆ ಯಾರ ಕೈಯಲ್ಲಿತ್ತೋ ತಪ್ಪೂ ಅವರದೇ ಎಂದು ಜಗತ್ತಿಗೆ ತೋರಿತು. ಪತ್ರಿಕೆಗಳಲ್ಲಿ ಹಾಗೇ ಬಂತು. ಮೊದಲ ಯಾನ, ವಿದೇಶದಲ್ಲಿ ಹುಟ್ಟಿದ ಹೆಂಗಸು, ಇಡೀ ಜಗತ್ತಿನ ಎದುರು ನಡೆದ ವೈಫಲ್ಯ. ಆ ಶಟಲ್‌ನಲ್ಲಿ ಉಳಿದ ದಿನಗಳನ್ನು ಆಕೆ ಹೇಗೆ ಕಳೆದಿರಬಹುದು? ಆದರೂ ಕೆಲಸ ನಿಲ್ಲಲಿಲ್ಲ. 252 ಸಲ ಭೂಮಿಯನ್ನು ಸುತ್ತಿ, ಡಿಸೆಂಬರ್ 5ರಂದು ಶಟಲ್ ಇಳಿಯಿತು.

ನಾಸಾ ತನಿಖೆ ಮಾಡಿತು. ಅದು ಐದು ತಿಂಗಳು ನಡೆಯಿತು. ದೋಷವಿದ್ದದ್ದು ತಂತ್ರಾಂಶದ ಜೋಡಣೆಯಲ್ಲಿ, ಮೇಲಿದ್ದ ಸಿಬ್ಬಂದಿಗೂ ಕೆಳಗಿನ ನಿಯಂತ್ರಣ ಕೇಂದ್ರಕ್ಕೂ ಗೊತ್ತುಪಡಿಸಿದ್ದ ಕಾರ್ಯವಿಧಾನದಲ್ಲಿ ಎಂದು ತೀರ್ಮಾನವಾಯಿತು. ಕಲ್ಪನಾ ಅವರನ್ನು ಸಂಪೂರ್ಣವಾಗಿ ದೋಷಮುಕ್ತಗೊಳಿಸಲಾಯಿತು. ನನ್ನ ಗೆಳತಿಯ ಪ್ರಶ್ನೆಗೆ ಉತ್ತರ ಇದು. ಒಬ್ಬರ ಕೈಯಲ್ಲಿ ಕೆಟ್ಟದ್ದಕ್ಕೂ ಒಬ್ಬರಿಂದ ಕೆಟ್ಟದ್ದಕ್ಕೂ ವ್ಯತ್ಯಾಸವಿದೆ. ಅದನ್ನು ತಿಳಿಯಲು ಅಲ್ಲಿ ಐದು ತಿಂಗಳು ತೆಗೆದುಕೊಂಡರು. ನಾವು ಸಾಮಾನ್ಯವಾಗಿ ಐದು ನಿಮಿಷವನ್ನೂ ತೆಗೆದುಕೊಳ್ಳುವುದಿಲ್ಲ.

ಎರಡನೆಯ ಅವಕಾಶ

ದೋಷಮುಕ್ತರಾದವರಿಗೆಲ್ಲ ಮತ್ತೆ ಅವಕಾಶ ಸಿಗುವುದಿಲ್ಲ. ಕಲ್ಪನಾ ಅವರಿಗೆ ಸಿಕ್ಕಿತು. ಮೊದಲು ಗಗನಯಾತ್ರಿಗಳ ಕಚೇರಿಯಲ್ಲಿ ತಾಂತ್ರಿಕ ಜವಾಬ್ದಾರಿಗಳು. 2000ದಲ್ಲಿ ಮತ್ತೊಂದು ಯಾನಕ್ಕೆ ಆಯ್ಕೆ. ಈ ನಡುವೆ ಒಂದು ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದ್ದರು. ತಾವು ಓದಿದ ಟಾಗೋರ್ ಬಾಲ ನಿಕೇತನದಿಂದ ಪ್ರತಿವರ್ಷ ಇಬ್ಬರು ಮಕ್ಕಳು ಹ್ಯೂಸ್ಟನ್‌ಗೆ ಬಂದು ಬೇಸಿಗೆಯ ಬಾಹ್ಯಾಕಾಶ ಶಿಬಿರದಲ್ಲಿ ಪಾಲ್ಗೊಳ್ಳುವ ಏರ್ಪಾಡು. ಬಂದ ಮಕ್ಕಳನ್ನು ತಮ್ಮ ಮನೆಗೆ ಕರೆಯುತ್ತಿದ್ದರು. ತಾವು ಕರ್ನಾಲ್‌ಗೆ ಹೋಗಲಾಗಲಿಲ್ಲ, ಕರ್ನಾಲ್‌ನ ಮಕ್ಕಳೇ ಅವರ ಬಳಿಗೆ ಬಂದರು.

ಎರಡನೆಯ ಯಾನ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2002ರಲ್ಲಿ ಶಟಲ್‌ನ ಇಂಧನ ಕೊಳವೆಗಳ ಒಳಪದರದಲ್ಲಿ ಬಿರುಕು ಕಂಡಿದ್ದು ಒಂದು ಕಾರಣ. ಕೊನೆಗೆ 2003ರ ಜನವರಿ 16ರಂದು ಅದೇ ಕೊಲಂಬಿಯಾ ಏಳು ಜನರೊಂದಿಗೆ ಹೊರಟಿತು. ಸುಮಾರು 80 ಪ್ರಯೋಗಗಳಿದ್ದವು. ಹಗಲು ರಾತ್ರಿ ಕೆಲಸ ನಿಲ್ಲದಂತೆ ಎರಡು ತಂಡಗಳು ಪಾಳಿಯಲ್ಲಿ ದುಡಿದವು. ಏರುವಾಗಲೂ ಇಳಿಯುವಾಗಲೂ ಕಲ್ಪನಾ ಅವರದು ಫ್ಲೈಟ್ ಎಂಜಿನಿಯರ್ ಸ್ಥಾನ, ಕಮಾಂಡರ್ ಮತ್ತು ಪೈಲಟ್ ಇಬ್ಬರ ಹಿಂದೆ ಕೂತು ಎಲ್ಲ ಉಪಕರಣಗಳ ಮೇಲೆ ಕಣ್ಣಿಡುವ ಕೆಲಸ.

ಹಾರಿದ ಸುಮಾರು 82ನೆಯ ಸೆಕೆಂಡಿನಲ್ಲಿ ಇಂಧನ ಟ್ಯಾಂಕಿನ ಹೊರಗೆ ಬಳಿದಿದ್ದ ಫೋಮಿನ ಒಂದು ತುಂಡು ಕಳಚಿ ಎಡರೆಕ್ಕೆಯ ಅಂಚಿಗೆ ಬಡಿಯಿತು. ಮರುದಿನ ಚಿತ್ರಗಳನ್ನು ನೋಡಿದ ಎಂಜಿನಿಯರುಗಳಿಗೆ ಅದು ಕಂಡಿತು. ರೆಕ್ಕೆಗೆ ಏನಾಗಿದೆ ಎಂದು ತಿಳಿಯಲು ಕಕ್ಷೆಯಲ್ಲೇ ಅದರ ಚಿತ್ರ ತೆಗೆಸಬೇಕೆಂದು ಅವರು ಕೇಳಿದರು. ಒಂದಲ್ಲ, ಬೇರೆ ಬೇರೆ ದಾರಿಯಲ್ಲಿ ಮೂರು ಸಲ ಕೋರಿಕೆ ಹೋಯಿತು. ಚಿತ್ರ ತೆಗೆಸಲಿಲ್ಲ. ಹಿಂದೆಯೂ ಫೋಮ್ ಬಿದ್ದಿತ್ತು, ಏನೂ ಆಗಿರಲಿಲ್ಲ, ಈಗಲೂ ಆಗುವುದಿಲ್ಲ ಎಂಬ ಅಭ್ಯಾಸದ ಧೈರ್ಯ ಮೇಲಿನವರದು. ಶಟಲ್‌ನಲ್ಲಿದ್ದವರಿಗೂ ವಿಷಯ ತಿಳಿಸಿದರು, ಚಿಂತೆಗೆ ಕಾರಣವಿಲ್ಲವೆಂಬ ಮಾತಿನೊಂದಿಗೆ.

ಫೆಬ್ರವರಿ 1, ಶನಿವಾರ. ಭಾರತದಲ್ಲಿ ಸಂಜೆ. ಕರ್ನಾಲ್‌ನ ಶಾಲೆಯಲ್ಲಿ ಮಕ್ಕಳು ತಮ್ಮ ಅಕ್ಕ ಇಳಿಯುವುದನ್ನು ಸಂಭ್ರಮಿಸಲು ಸೇರಿದ್ದರು. ವಾತಾವರಣದೊಳಗೆ ಬರುವಾಗ ಶಟಲ್‌ನ ರೆಕ್ಕೆಯ ಅಂಚು ಸಾವಿರಾರು ಡಿಗ್ರಿ ಕಾಯುತ್ತದೆ. ಬಿರಿದಿದ್ದ ಜಾಗದಿಂದ ಆ ಬಿಸಿ ಒಳಗೆ ನುಗ್ಗಿ ರೆಕ್ಕೆಯನ್ನು ಒಳಗಿನಿಂದಲೇ ಕರಗಿಸಿತು. ಇಳಿಯಲು ಇನ್ನು 16 ನಿಮಿಷವಿರುವಾಗ ಕೊಲಂಬಿಯಾ ಟೆಕ್ಸಸ್‌ನ ಆಕಾಶದಲ್ಲಿ ಛಿದ್ರವಾಯಿತು. ಇಪ್ಪತ್ತು ವರ್ಷಗಳ ಹಿಂದೆ ಕರ್ನಾಲ್‌ನ ಹುಡುಗಿ ಪುಸ್ತಕದ ಪೆಟ್ಟಿಗೆಯೊಂದಿಗೆ ಬಂದಿಳಿದಿದ್ದು ಅದೇ ಟೆಕ್ಸಸ್‌ನಲ್ಲಿ.

ರಿಕ್ ಹಸ್ಬೆಂಡ್, ವಿಲಿಯಂ ಮೆಕೂಲ್, ಮೈಕೆಲ್ ಆಂಡರ್ಸನ್, ಡೇವಿಡ್ ಬ್ರೌನ್, ಲಾರೆಲ್ ಕ್ಲಾರ್ಕ್, ಇಲಾನ್ ರಾಮೋನ್, ಕಲ್ಪನಾ ಚಾವ್ಲಾ. ಏಳು ಮನೆಗಳಲ್ಲಿ ದೀಪ ಆರಿತು. ಕಲ್ಪನಾ ಅವರ ಚಿತಾಭಸ್ಮವನ್ನು ಅವರ ಇಚ್ಛೆಯಂತೆ ಯೂಟಾದ ಜೈಯಾನ್ ರಾಷ್ಟ್ರೀಯ ಉದ್ಯಾನದಲ್ಲಿ ಚೆಲ್ಲಲಾಯಿತು. ಎರಡು ಯಾನ ಸೇರಿ ಅವರು ಬಾಹ್ಯಾಕಾಶದಲ್ಲಿ ಕಳೆದದ್ದು ಮೂವತ್ತು ದಿನಗಳಿಗೆ ಸ್ವಲ್ಪ ಹೆಚ್ಚು.

ಆಗಸ್ಟ್ 2003ರಲ್ಲಿ ತನಿಖಾ ಮಂಡಳಿಯ ವರದಿ ಬಂತು. ಫೋಮಿನ ತುಂಡು ಎಷ್ಟು ಕಾರಣವೋ ಸಂಸ್ಥೆಯೊಳಗಿನ ಸಂಸ್ಕೃತಿಯೂ ಅಷ್ಟೇ ಕಾರಣ ಎಂದು ಅದು ಬರೆಯಿತು. ಕೆಳಗಿನವರ ಆತಂಕ ಮೇಲೆ ತಲುಪದ ವ್ಯವಸ್ಥೆಯನ್ನು ಅದು ಹೆಸರಿಟ್ಟು ಹೇಳಿತು. ಇದನ್ನು ಓದುವಾಗ ನನಗೆ ಸ್ಪಾರ್ಟನ್ ನೆನಪಾಯಿತು. ಅಲ್ಲಿಯೂ ಮೊದಲು ಒಬ್ಬರ ಕೈಯನ್ನು ನೋಡಿದರು, ಆಮೇಲಷ್ಟೇ ವ್ಯವಸ್ಥೆಯನ್ನು ನೋಡಿದರು. ಅಂದು ಹೋದದ್ದು ಒಂದು ಪ್ರಯೋಗ, ತನಿಖೆಗೆ ಸಮಯವಿತ್ತು. ಇಲ್ಲಿ ಪ್ರಶ್ನೆ ಕೇಳಿದವರಿಗೆ ಸಮಯಕ್ಕೆ ಸರಿಯಾಗಿ ಉತ್ತರ ಸಿಗಲಿಲ್ಲ, ಹೋದದ್ದು ಏಳು ಜೀವ.

ಹಾಸನದ ತಟ್ಟೆಗಳು, ಲೋಣಾವಳಾದ ಮಳೆ

ನನ್ನ ತವರು ಹಾಸನ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಆಕಾಶಕ್ಕೆ ಮುಖಮಾಡಿದ ದೊಡ್ಡ ದೊಡ್ಡ ಬಿಳಿ ತಟ್ಟೆಗಳನ್ನು ನೋಡುತ್ತಲೇ ನಾವು ದೊಡ್ಡವರಾದದ್ದು. ಅವು ಏನು ಮಾಡುತ್ತವೆ ಎಂದು ಯಾರನ್ನೂ ಕೇಳಿರಲಿಲ್ಲ.

2002ರ ಸೆಪ್ಟೆಂಬರ್ 12ರಂದು ಇಸ್ರೋ ಹವಾಮಾನಕ್ಕೆಂದೇ ಮೀಸಲಾದ ತನ್ನ ಮೊದಲ ಉಪಗ್ರಹವನ್ನು ಹಾರಿಸಿತ್ತು. ಹೆಸರು ಮೆಟ್‌ಸ್ಯಾಟ್. ಕೊಲಂಬಿಯಾ ದುರಂತವಾದ ನಾಲ್ಕನೆಯ ದಿನ, ಫೆಬ್ರವರಿ 5ರಂದು, ಪ್ರಧಾನಿ ವಾಜಪೇಯಿ ಅವರು ಅದಕ್ಕೆ ಕಲ್ಪನಾ-1 ಎಂದು ಹೊಸ ಹೆಸರು ಘೋಷಿಸಿದರು. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 74 ಡಿಗ್ರಿ ಪೂರ್ವ ರೇಖಾಂಶದಲ್ಲಿ ಅದು ನಿಂತಿತ್ತು. ಲೋಣಾವಳಾದ ರೇಖಾಂಶ 73 ಡಿಗ್ರಿಗೆ ಸ್ವಲ್ಪ ಹೆಚ್ಚು, ಅಂದರೆ ಹೆಚ್ಚುಕಡಿಮೆ ನಮಗೆ ನೇರ ದಕ್ಷಿಣಕ್ಕೆ. ಅದನ್ನು ನಡೆಸುತ್ತಿದ್ದದ್ದು ಹಾಸನದ ಆ ತಟ್ಟೆಗಳು! ಅರಬ್ಬೀ ಸಮುದ್ರದಿಂದ ಎದ್ದು ಸಹ್ಯಾದ್ರಿಗೆ ಬಡಿಯುವ ಮುಂಗಾರು ಮೋಡಗಳ ಚಿತ್ರವನ್ನು ಅದು ವರ್ಷಾನುಗಟ್ಟಲೆ ಕಳಿಸಿತು. ಸಂಜೆಯ ವಾರ್ತೆಯಲ್ಲಿ ಕಂಡ ಎಷ್ಟೋ ಮೋಡದ ಚಿತ್ರಗಳು ಅದು ತೆಗೆದವು. ನಾಳೆ ಮಕ್ಕಳಿಗೆ ರೇನ್‌ಕೋಟ್ ಕೊಡಬೇಕೇ ಎಂದು ನಾವು ತೀರ್ಮಾನಿಸುತ್ತಿದ್ದದ್ದು ಅವುಗಳನ್ನು ನೋಡಿ. 2017ರವರೆಗೆ, ಸುಮಾರು ಹದಿನೈದು ವರ್ಷ ಅದು ಕೆಲಸ ಮಾಡಿತು.

ಕರ್ನಾಟಕ ಸರ್ಕಾರ ಯುವ ವಿಜ್ಞಾನಿ ಹೆಣ್ಣುಮಕ್ಕಳಿಗಾಗಿ ಕಲ್ಪನಾ ಚಾವ್ಲಾ ಹೆಸರಿನಲ್ಲಿ ಪ್ರಶಸ್ತಿ ಆರಂಭಿಸಿತು. ನಾಸಾದ ಏಮ್ಸ್ ಕೇಂದ್ರ 2004ರಲ್ಲಿ ಒಂದು ಸೂಪರ್ ಕಂಪ್ಯೂಟರಿಗೆ ಆಕೆಯ ಹೆಸರಿಟ್ಟಿತು. 2020ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಸಾಮಾನು ಒಯ್ದ ನೌಕೆಯೊಂದು ಅದೇ ಹೆಸರು ಹೊತ್ತು ಹೋಯಿತು. ನಮ್ಮ ದೇಶದ ಗಗನಯಾನಕ್ಕೆ ಮೊದಲು ಆರಿಸಿದ ನಾಲ್ವರೂ ಗಂಡಸರು. ಮುಂದಿನ ಪಟ್ಟಿಗಳಲ್ಲಿ ನಮ್ಮ ಹುಡುಗಿಯರ ಹೆಸರೂ ಬರಲಿ ಎಂಬುದು ನನ್ನ ಆಸೆ. ಬಂದಾಗ, ಅವರ ಕೈಯಲ್ಲಿ ಏನಾದರೂ ಎಡವಿದರೆ, ವಿಷಯ ಪೂರ್ತಿ ತಿಳಿಯುವವರೆಗೆ ಕಾಯುವ ತಾಳ್ಮೆ ನಮಗಿರಲಿ ಎಂಬುದು ಇನ್ನೊಂದು ಆಸೆ.

ಇಷ್ಟೆಲ್ಲ ಓದಿ ಮುಗಿಸಿದ ದಿನ ಗೆಳತಿಗೆ ಫೋನ್ ಮಾಡಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಇಷ್ಟು ವರ್ಷ ತಪ್ಪಾಗಿ ತಿಳಿದಿದ್ದೆನಲ್ಲ ಎಂದು ಪೇಚಾಡಿಕೊಂಡಳು. ನಾನೂ ಹಾಗೇ ತಿಳಿದಿದ್ದೆ ಎಂದೆ. ಹೊರಗೆ ಮಳೆ ಜೋರಾಗಿತ್ತು, ಆಕೆಯ ಮಾತು ಅರ್ಧ ಕೇಳಿಸಲಿಲ್ಲ. ಮುಂದಿನ ಭಾನುವಾರ ಅವರ ಮನೆಯಲ್ಲಿ ಸೇರುವುದೆಂದು ಮಾತಾಯಿತು. ಆ ಕಂತನ್ನು ಇನ್ನೊಮ್ಮೆ, ಈ ಸಲ ಮಕ್ಕಳನ್ನೂ ಕೂರಿಸಿಕೊಂಡು ನೋಡುತ್ತೇವೆ.